ಮಿದುಳಿಗೆ ಯಂತ್ರ: ನಿರ್ಧಾರ ಯಾರದ್ದು?

2017ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ನರವಿಜ್ಞಾನಿ ರಫಾಯೆಲ್ ಯುಸ್ಟೆ ಮತ್ತು ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುವ ಸಾರಾ ಗೋರಿಂಗ್ ಅದರ ಮುಂದಾಳುಗಳು. ಹಲವು ದೇಶಗಳ ವಿಜ್ಞಾನಿಗಳು, ವೈದ್ಯರು, ಎಂಜಿನಿಯರ್‌ಗಳು ಅವರ ಜೊತೆಗಿದ್ದರು. ಲೇಖನ ಶುರುವಾಗುವುದು ಒಂದು ಕಲ್ಪಿತ ಸನ್ನಿವೇಶದಿಂದ. ಪಾರ್ಶ್ವವಾಯು ಬಡಿದವನೊಬ್ಬ ಮಿದುಳಿನ ಸಂಕೇತಗಳಿಂದ ಯಂತ್ರದ ಕೈಯನ್ನು ಆಡಿಸುವ ಪ್ರಯೋಗದಲ್ಲಿ ಪಾಲ್ಗೊಂಡಿದ್ದಾನೆ. ಸಂಶೋಧಕರ ಮೇಲೆ ಅವನಿಗೆ ಬೇಸರ ಬಂದಿದ್ದ ದಿನ ಆ ಕೈ ಲೋಟವನ್ನು ಹಿಸುಕಿ, ಪಕ್ಕದಲ್ಲಿದ್ದ ಸಹಾಯಕನನ್ನು ಗಾಯಗೊಳಿಸುತ್ತದೆ. ಯಂತ್ರ ಕೆಟ್ಟಿತೋ, ತನ್ನ ಸಿಟ್ಟೇ ಅದರೊಳಗೆ ಹರಿದುಹೋಯಿತೋ ಅವನಿಗೇ ತಿಳಿಯದು. ಖಾಸಗಿತನ ಮತ್ತು ಸಮ್ಮತಿ, ಕರ್ತೃತ್ವ ಮತ್ತು ಅಸ್ಮಿತೆ, ಸಾಮರ್ಥ್ಯವರ್ಧನೆ, ಪಕ್ಷಪಾತ ಎಂಬ ನಾಲ್ಕು ಕಳವಳಗಳನ್ನು ಲೇಖನ ಅಲ್ಲಿಂದ ಮುಂದೆ ಬಿಡಿಸಿಡುತ್ತದೆ. ನರತಂತ್ರಜ್ಞಾನದ ನೀತಿಚರ್ಚೆ ಇಂದಿಗೂ ಬಹುಮಟ್ಟಿಗೆ ಈ ನಾಲ್ಕರ ಸುತ್ತಲೇ ನಡೆಯುತ್ತಿದೆ.

ಆ ಸನ್ನಿವೇಶದಲ್ಲಿ ಇನ್ನೊಂದು ಸಂಗತಿಯೂ ಇದೆ. ಈ ಚರ್ಚೆಗೆ ಉದಾಹರಣೆ ಬೇಕಾದಾಗಲೆಲ್ಲ ಕೈಕಾಲು ಆಡದವರು, ಕಿವಿ ಕೇಳದವರು, ನಡುಕದಿಂದ ನರಳುವವರು ಕಾಣಿಸಿಕೊಳ್ಳುತ್ತಾರೆ. ಆದರೆ ಪ್ರಶ್ನೆಗಳನ್ನು ಕಟ್ಟುವ ಹೊತ್ತಿಗೆ ಅವರು ಹಿಂದೆ ಸರಿದು, ಆರೋಗ್ಯವಂತ ಓದುಗನ ಭಯಗಳು ಮುಂದೆ ಬರುತ್ತವೆ: ನನ್ನ ಮನಸ್ಸನ್ನು ಯಾರಾದರೂ ಓದಿಬಿಟ್ಟರೆ? ನಾನು ನಾನಾಗಿ ಉಳಿಯದಿದ್ದರೆ? ಗೋರಿಂಗ್ ಅವರ ಎರಡು ದಶಕಗಳ ಬರವಣಿಗೆಯ ಮಹತ್ವ ಇರುವುದು ಈ ಕ್ರಮವನ್ನು ತಿರುಗಿಸಿದ್ದರಲ್ಲಿ. ಅಂಗವೈಕಲ್ಯದ ತತ್ವಚಿಂತನೆಯಿಂದ ಹೊರಟು ನರತಂತ್ರಜ್ಞಾನಕ್ಕೆ ಬಂದವರು ಅವರು. ಆ ದಾರಿಯಲ್ಲಿ ಬಂದರೆ ಹಳೆಯ ಪ್ರಶ್ನೆಗಳ ತೂಕ ಬದಲಾಗುತ್ತದೆ, ಯಾರೂ ಕೇಳದೆ ಬಿಟ್ಟ ಕೆಲವು ಪ್ರಶ್ನೆಗಳು ಮೇಲೆ ಬರುತ್ತವೆ ಎಂಬುದು ಈ ಸಮೀಕ್ಷೆಯ ವಾದ.

ಎಲೆಕ್ಟ್ರೋಡುಗಳ ಹಿಂದಿನ ಚರಿತ್ರೆ

ಮಿದುಳಿಗೆ ಕೈಹಾಕುವ ವೈದ್ಯಕೀಯಕ್ಕೆ ಹೆಮ್ಮೆಪಡುವಂಥ ಬಾಲ್ಯವಿಲ್ಲ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗಾಗಿ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನ ಬಂತು. ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಅದೇ ಚಿಕಿತ್ಸೆಯನ್ನು ಊರೂರಿಗೆ ಒಯ್ದು, ಮಾನಸಿಕ ಆಸ್ಪತ್ರೆಗಳಲ್ಲಿ ಮಾತಿನ ಬಲವಿಲ್ಲದೆ ಬಿದ್ದಿದ್ದವರ ಮೇಲೆ ನಡೆಸಿದ. 1960ರ ದಶಕದಲ್ಲಿ ಹೊಸೆ ಡೆಲ್ಗಾಡೊ ಸ್ಪೇನ್‌ನ ಕೊರ್ಡೊಬಾದಲ್ಲಿ, ತನ್ನತ್ತ ನುಗ್ಗಿ ಬರುತ್ತಿದ್ದ ಗೂಳಿಯನ್ನು ಅದರ ಮಿದುಳಿನಲ್ಲಿ ಹೂತಿದ್ದ ಎಲೆಕ್ಟ್ರೋಡಿಗೆ ರೇಡಿಯೊ ಸಂಕೇತ ಕಳಿಸಿ ನಿಲ್ಲಿಸಿ ತೋರಿಸಿದರು. ಮನಸ್ಸಿನ ನಿಯಂತ್ರಣದ ಭಯಕ್ಕೆ ಚಿತ್ರ ಒದಗಿಸಿದ್ದು ಆ ಪ್ರದರ್ಶನ.

ನಮ್ಮ ಚರ್ಚೆಗೆ ಹೆಚ್ಚು ಹತ್ತಿರದ ಘಟನೆ ನ್ಯೂ ಆರ್ಲಿಯನ್ಸ್‌ನದು. ಅಲ್ಲಿನ ಟುಲೇನ್ ವಿಶ್ವವಿದ್ಯಾಲಯದ ರಾಬರ್ಟ್ ಹೀತ್, ಸಲಿಂಗಕಾಮಿಯೊಬ್ಬನ ಮಿದುಳಿಗೆ ವಿದ್ಯುತ್ ಹರಿಸಿ ಅವನ ಒಲವನ್ನು ಬದಲಿಸಲು ಯತ್ನಿಸಿದ ವರದಿಯನ್ನು 1972ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಎಲೆಕ್ಟ್ರೋಡು ಸರಿಯಾಗಿ ಕೆಲಸ ಮಾಡಿತೇ ಎಂಬುದು ಇಲ್ಲಿ ಗೌಣ. ಯಾವುದನ್ನು ‘ಸರಿಪಡಿಸಬೇಕು’ ಎಂಬ ತೀರ್ಮಾನವೇ ತಪ್ಪಾಗಿತ್ತು. ಆ ತಪ್ಪು ಪ್ರಯೋಗಶಾಲೆಯ ಒಳಗೆ ನಿಂತವರಿಗೆ ಕಾಣಲಿಲ್ಲ. ಇಂದು ಅಂಗವಿಕಲರ ಹೋರಾಟಗಾರರು ನರತಂತ್ರಜ್ಞರ ಮುಂದಿಡುವ ಪ್ರಶ್ನೆ ಇದೇ.

ನಂತರದ ದಾರಿ ಹೆಚ್ಚು ಜಾಗರೂಕವಾದದ್ದು. 1973ರಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಕ್ ವಿಡಾಲ್ ಮಿದುಳು ಮತ್ತು ಕಂಪ್ಯೂಟರನ್ನು ನೇರವಾಗಿ ಬೆಸೆಯುವ ಕಲ್ಪನೆಗೆ ಹೆಸರು ಕೊಟ್ಟರು. 1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಅಲಿಮ್-ಲೂಯಿ ಬೆನಾಬಿದ್ ಅವರ ತಂಡ ಮಿದುಳಿನ ಆಳದ ಒಂದು ಬಿಂದುವಿಗೆ ಸತತವಾಗಿ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನಡುಕವನ್ನು ತಡೆಯಿತು. ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’ ಅಥವಾ ಡಿಬಿಎಸ್ ಎಂದು ಕರೆಯುವ ಈ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕರೋಗಕ್ಕೆ, 2002ರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಒಪ್ಪಿಗೆ ನೀಡಿತು. 2004ರಲ್ಲಿ ‘ಬ್ರೇನ್‌ಗೇಟ್’ ಪ್ರಯೋಗದಲ್ಲಿ ಕತ್ತಿನ ಕೆಳಗೆ ಚಲನೆಯಿಲ್ಲದ ಮ್ಯಾಥ್ಯೂ ನೇಗಲ್ ಎಂಬ ಯುವಕ ಕಂಪ್ಯೂಟರ್ ತೆರೆಯ ಮೇಲಿನ ಬಾಣವನ್ನು ಆಲೋಚನೆಯಿಂದ ಸರಿಸಿದ. 2024ರ ಜನವರಿಯಲ್ಲಿ ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಮೊದಲ ಮನುಷ್ಯನಿಗೆ ಚಿಪ್ ಅಳವಡಿಸಿದ್ದು ಎಲ್ಲ ಪತ್ರಿಕೆಗಳ ಸುದ್ದಿಯಾಯಿತು; ಅದರ ಹಿಂದೆ ಸಾರ್ವಜನಿಕ ಹಣದಲ್ಲಿ ನಡೆದ ಮೂರು ದಶಕಗಳ ಕೆಲಸ ಇತ್ತು ಎಂಬುದು ಸುದ್ದಿಯಾಗಲಿಲ್ಲ.

ಕೊರತೆ ದೇಹದಲ್ಲೋ, ಸಮಾಜದಲ್ಲೋ

ಮೊದಲ ಚಿಂತನಾಪಂಥ ಎಂಜಿನಿಯರ್‌ಗಳದು, ವೈದ್ಯರದು. ನಮ್ಮಲ್ಲಿ ಹೆಚ್ಚಿನವರದೂ ಹೌದು. ದೇಹದಲ್ಲಿ ಒಂದು ಕ್ರಿಯೆ ನಿಂತಿದೆ, ಯಂತ್ರ ಅದನ್ನು ಮರಳಿ ತರಬಲ್ಲದು; ಹಾಗಾದರೆ ತರಬೇಕು. ನೋವು, ನಡುಕ, ಮೂರ್ಛೆಗಳ ವಿಷಯದಲ್ಲಿ ಈ ನಿಲುವಿಗೆ ಸಾಕಷ್ಟು ಬಲವಿದೆ. ಡಿಬಿಎಸ್ ಪಡೆದ ಪಾರ್ಕಿನ್ಸನ್ ರೋಗಿ ಮತ್ತೆ ತನ್ನ ಕೈಯಿಂದ ತಾನೇ ಊಟ ಮಾಡುವುದನ್ನು ಕಂಡವರು ಅದನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಇದಕ್ಕೆ ಎದುರಾಗಿ ನಿಂತದ್ದು ಸಾಮಾಜಿಕ ಮಾದರಿ. 1976ರಲ್ಲಿ ಬ್ರಿಟನ್ನಿನ ಅಂಗವಿಕಲರದೇ ಒಂದು ಒಕ್ಕೂಟ, ದೇಹದ ಊನ ಬೇರೆ, ಅದರ ಮೇಲೆ ಸಮಾಜ ಹೇರುವ ಅಡ್ಡಿ ಬೇರೆ ಎಂದು ಸಾರಿತು. ಸಮಾಜಶಾಸ್ತ್ರಜ್ಞ ಮೈಕೆಲ್ ಆಲಿವರ್ 1980ರ ದಶಕದಲ್ಲಿ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. ಮೆಟ್ಟಿಲು ಮಾತ್ರ ಇರುವ ಕಚೇರಿಯೊಳಗೆ ಗಾಲಿಕುರ್ಚಿಯವರು ಹೋಗಲಾರದ್ದಕ್ಕೆ ಕಾರಣ ಅವರ ಬೆನ್ನುಹುರಿಯೋ, ಕಟ್ಟಡ ಕಟ್ಟಿದವರ ನಿರ್ಧಾರವೋ ಎಂಬ ಪ್ರಶ್ನೆ ಕೇಳಿದ ಮೇಲೆ ಚರ್ಚೆ ಹಿಂದಿನಂತೆ ಉಳಿಯಲಿಲ್ಲ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಈ ಚಿಂತನೆಯ ಫಲ. ಭಾರತ ಅದನ್ನು 2007ರಲ್ಲಿ ಅನುಮೋದಿಸಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದರ ಆಧಾರದ ಮೇಲೇ ನಿಂತಿದೆ.

ನರತಂತ್ರಜ್ಞಾನದ ಅಂಗಳದಲ್ಲಿ ಈ ಎರಡು ಪಂಥಗಳು ಮೊದಲು ಮುಖಾಮುಖಿಯಾದದ್ದು ಕಾಕ್ಲಿಯರ್ ಇಂಪ್ಲಾಂಟ್ ವಿಚಾರದಲ್ಲಿ. ಶಬ್ದವನ್ನು ವಿದ್ಯುತ್ ಮಿಡಿತವಾಗಿಸಿ ನೇರ ಶ್ರವಣನರಕ್ಕೆ ಮುಟ್ಟಿಸುವ ಈ ಸಾಧನಕ್ಕೆ ಅಮೆರಿಕದಲ್ಲಿ ವಯಸ್ಕರಿಗೆ 1984ರಲ್ಲಿ, ಮಕ್ಕಳಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲೇ ಮಕ್ಕಳಿಗೆ ಅಳವಡಿಸುವುದನ್ನು ಕಟುವಾಗಿ ವಿರೋಧಿಸಿತು. ತಮ್ಮದು ಸಂಜ್ಞಾಭಾಷೆಯುಳ್ಳ ಸಮುದಾಯ, ಕೇಳುವವರ ಮಾಪಕದಿಂದ ಮಾತ್ರ ಅದು ಕೊರತೆ ಎಂಬುದು ಅವರ ವಾದ. 2000ದ ಹೊತ್ತಿಗೆ ಸಂಘ ತನ್ನ ನಿಲುವನ್ನು ಮೃದುಗೊಳಿಸಿ, ಇಂಪ್ಲಾಂಟ್ ಹಲವು ಆಯ್ಕೆಗಳಲ್ಲಿ ಒಂದು ಎಂದು ಒಪ್ಪಿತು. ವಾದದಲ್ಲಿ ಯಾರು ಗೆದ್ದರು ಎನ್ನುವುದಕ್ಕಿಂತ ಅದು ಉಳಿಸಿಹೋದ ಪಾಠ ಮುಖ್ಯ. ಇಂಪ್ಲಾಂಟ್ ಬಂದಿದೆ ಎಂಬ ಕಾರಣಕ್ಕೆ ಮಗುವಿಗೆ ಸಂಜ್ಞಾಭಾಷೆ ಕಲಿಸುವುದನ್ನು ಕೈಬಿಟ್ಟಲ್ಲಿ, ಸಾಧನ ನಿರೀಕ್ಷೆಯಂತೆ ಫಲಿಸದ ಮಕ್ಕಳು ಯಾವ ಭಾಷೆಯೂ ಗಟ್ಟಿಯಾಗಿ ದಕ್ಕದೆ ಉಳಿದರು. ಕರ್ನಾಟಕದ ಪಾಲಕರಿಗೂ ಇದು ದೂರದ ಮಾತಲ್ಲ. ಕೇಂದ್ರದ ‘ಅಡಿಪ್’ ಯೋಜನೆ ಬಡ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟಿಗೆ ನೆರವು ನೀಡುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶದ ಶ್ರವಣ ಚಿಕಿತ್ಸೆಗೆ ದಶಕಗಳಿಂದ ಆಧಾರವಾಗಿದೆ. ಶಸ್ತ್ರಚಿಕಿತ್ಸೆ ಒಂದು ದಿನದ್ದು. ಅದರ ಹಿಂದೆಯೇ ವರ್ಷಗಟ್ಟಲೆಯ ಮಾತಿನ ತರಬೇತಿ, ಬ್ಯಾಟರಿ, ಕೇಬಲ್, ಹಳತಾದ ಪ್ರೊಸೆಸರಿನ ಬದಲಾವಣೆ ಬರುತ್ತವೆ.

ಸಾಮಾಜಿಕ ಮಾದರಿಯ ಮೇಲಿನ ಗಟ್ಟಿ ಆಕ್ಷೇಪ ಅಂಗವಿಕಲ ಚಿಂತಕರಿಂದಲೇ ಬಂತು. ಸೂಸನ್ ವೆಂಡೆಲ್ 1996ರಲ್ಲಿ, ಟಾಮ್ ಶೇಕ್ಸ್‌ಪಿಯರ್ 2006ರಲ್ಲಿ ಹೇಳಿದ್ದು ಇಷ್ಟು: ದೀರ್ಘಕಾಲದ ನೋವು, ಆಯಾಸಗಳನ್ನು ಯಾವ ಇಳಿಜಾರು ಹಾದಿಯೂ ಹೋಗಲಾಡಿಸದು, ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಿದರೆ ದೇಹದ ಸಂಕಟಕ್ಕೆ ಬಾಯಿಲ್ಲದಂತಾಗುತ್ತದೆ. ಗೋರಿಂಗ್ 2015ರ ಒಂದು ಲೇಖನದಲ್ಲಿ ದೀರ್ಘಕಾಲದ ಕಾಯಿಲೆ ಇರುವವರ ಕಡೆಯಿಂದ ಈ ಜಗಳವನ್ನು ಮತ್ತೆ ನೋಡಿದ್ದಾರೆ. ಚಿಕಿತ್ಸೆ ಬಯಸುವುದಕ್ಕೂ ಸಮಾಜದ ಅಡ್ಡಿಗಳನ್ನು ಪ್ರಶ್ನಿಸುವುದಕ್ಕೂ ವಿರೋಧವಿಲ್ಲ ಎಂಬ ಅವರ ನಿಲುವು ನನಗೆ ಸರಿಯೆನಿಸುತ್ತದೆ. ಪಾರ್ಕಿನ್ಸನ್ ಇರುವವರಿಗೆ ಡಿಬಿಎಸ್ ಕೂಡ ಬೇಕಾಗಬಹುದು, ಅವರ ನಡುಕವನ್ನು ದಿಟ್ಟಿಸಿ ನೋಡದ ಬ್ಯಾಂಕ್ ಕೌಂಟರ್ ಕೂಡ ಬೇಕಾಗಬಹುದು.

ಸುಖವಾಗಿದ್ದೇನೆ ಎಂದವರ ಮಾತು

ಈ ಎರಡು ಪಂಥಗಳ ನಡುವೆ ಒಂದು ಪುರಾವೆಯ ಜಗಳವಿದೆ. ಇಡೀ ಚರ್ಚೆಯ ತಿರುಗುಗೂಟ ಅದೇ ಎಂಬುದು ನನ್ನ ಎಣಿಕೆ. 1999ರಲ್ಲಿ ಗ್ಯಾರಿ ಆಲ್‌ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲೀಗರ್ 153 ಅಂಗವಿಕಲರನ್ನು ಮಾತನಾಡಿಸಿದರು. ಮಧ್ಯಮದಿಂದ ತೀವ್ರ ಮಟ್ಟದ ಅಂಗವೈಕಲ್ಯ ಇದ್ದವರಲ್ಲಿ ಶೇ 54.3ರಷ್ಟು ಮಂದಿ ತಮ್ಮ ಬದುಕಿನ ಗುಣಮಟ್ಟ ಚೆನ್ನಾಗಿದೆ ಅಥವಾ ಅತ್ಯುತ್ತಮವಾಗಿದೆ ಎಂದರು. ಕಣ್ಣಿನ ಚಲನೆಯ ಹೊರತು ಬಹುತೇಕ ಎಲ್ಲ ಚಲನೆಯೂ ನಿಂತುಹೋಗುವ ‘ಲಾಕ್ಡ್-ಇನ್’ ಸ್ಥಿತಿಯವರ ಕುರಿತ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು: ಲೆಕ್ಕಕ್ಕೆ ತೆಗೆದುಕೊಂಡ 65 ಮಂದಿಯಲ್ಲಿ 47 ಮಂದಿ ಸುಖವಾಗಿದ್ದೇವೆ ಎಂದಿದ್ದರು, 18 ಮಂದಿ ಇಲ್ಲ ಎಂದಿದ್ದರು. ಹೊರಗಿನಿಂದ ನೋಡುವವರು ಇಂಥ ಬದುಕಿಗಿಂತ ಸಾವೇ ಮೇಲು ಎಂದುಕೊಳ್ಳುವ ಸ್ಥಿತಿ ಅದು. ಪ್ರಶ್ನಾವಳಿಗೆ ಉತ್ತರಿಸುವ ಮನಸ್ಸು ಮಾಡಿದವರೇ ಹೆಚ್ಚು ನೆಮ್ಮದಿಯವರಾಗಿರಬಹುದು ಎಂಬ ಎಚ್ಚರಿಕೆ ಬೇಕು. ಆದರೂ ಅಂತರ ದೊಡ್ಡದು.

ಈ ಮಾತುಗಳನ್ನು ನಂಬದಿರಲು ತತ್ವಶಾಸ್ತ್ರದಲ್ಲಿ ಸಿದ್ಧ ಕಾರಣವೊಂದಿದೆ. ಸಿಗದ್ದನ್ನು ಬಯಸದಿರಲು ಮನಸ್ಸು ಕಲಿಯುತ್ತದೆ. ಆದ್ದರಿಂದ ವಂಚಿತರ ತೃಪ್ತಿಯನ್ನು ಅವರ ಕ್ಷೇಮದ ಅಳತೆಯಾಗಿ ಹಿಡಿಯಬಾರದು. ಅಮರ್ತ್ಯ ಸೇನ್ ಮತ್ತು ಮಾರ್ಥಾ ನುಸ್‌ಬಾಮ್ ಬಡತನ, ಸ್ತ್ರೀಯರ ಸ್ಥಿತಿಯ ಕುರಿತು ಇದನ್ನು ಶಕ್ತಿಯುತವಾಗಿ ಬಳಸಿದ್ದಾರೆ. ನಮ್ಮ ಹಳ್ಳಿಯ ವಿಧವೆಯರ ಮೌನವನ್ನು ಸಮ್ಮತಿಯೆಂದು ಓದಬಾರದು ಎಂದರೆ ನಾವು ತಕ್ಷಣ ಒಪ್ಪುತ್ತೇವೆ. ಹಾಗಿದ್ದರೆ ಅಂಗವಿಕಲರ ತೃಪ್ತಿಯನ್ನು ಮಾತ್ರ ಏಕೆ ನಂಬಬೇಕು? ಈ ಆಕ್ಷೇಪವನ್ನು ಗೋರಿಂಗ್ 2008ರಲ್ಲೇ ಎದುರಿಸಿದ್ದಾರೆ, ಎಲಿಜಬೆತ್ ಬಾರ್ನ್ಸ್ ‘ದ ಮೈನಾರಿಟಿ ಬಾಡಿ’ಯಲ್ಲಿ ಇನ್ನಷ್ಟು ಬೆಳೆಸಿದ್ದಾರೆ. ಉತ್ತರದ ಸಾರ ಇದು: ಹೊಂದಿಕೊಂಡ ಬಯಕೆ ಎಂಬ ಅನುಮಾನ ಬಳಸುವ ಮುನ್ನ ಆ ಸ್ಥಿತಿ ಕೆಟ್ಟದ್ದೆಂದು ಬೇರೆ ಆಧಾರದಿಂದ ತೋರಿಸಬೇಕು. ಹೆಂಗಸರ ವಿಷಯದಲ್ಲಿ ಅಂಥ ಆಧಾರ ಇದೆ. ಅವಕಾಶ ಸಿಕ್ಕ ಕೂಡಲೇ ಅವರು ಬೇರೆ ಮಾತಾಡುತ್ತಾರೆ, ಚಳವಳಿ ಕಟ್ಟುತ್ತಾರೆ. ಅಂಗವಿಕಲರ ಚಳವಳಿಯೂ ದಶಕಗಳಿಂದ ನಡೆದಿದೆ. ಅವಕಾಶ, ಓದು, ಸಂಘಟನೆ ಎಲ್ಲ ಇದ್ದವರು ಅಲ್ಲಿ ಎತ್ತಿದ ಮುಖ್ಯ ದೂರು ಬಸ್ಸು, ಶಾಲೆ, ಉದ್ಯೋಗ, ಅವಮಾನಗಳ ಬಗೆಗಿನದು. ತೃಪ್ತಿಯ ಮಾತು ಮೌನದಿಂದ ಬಂದದ್ದಲ್ಲ, ಸಂಘಟಿತ ವಿಮರ್ಶೆಯ ನಡುವಿನಿಂದ ಬಂದದ್ದು. ಈ ಉತ್ತರ ಎಲ್ಲ ಸ್ಥಿತಿಗಳಿಗೂ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ತೀವ್ರ ನೋವಿನ ಕಾಯಿಲೆಗಳಿಗೆ ಅದು ಅನ್ವಯಿಸದು. ಆದರೆ ನಂಬದಿರುವ ಹೊಣೆ ಯಾರ ಮೇಲಿದೆ ಎಂಬುದನ್ನು ಅದು ಬದಲಿಸುತ್ತದೆ.

ಇದರ ಪರಿಣಾಮ ಪ್ರಯೋಗಶಾಲೆಯ ಆದ್ಯತೆಗಳವರೆಗೂ ಹೋಗುತ್ತದೆ. ಬೆನ್ನುಹುರಿ ಪೆಟ್ಟಿನಿಂದ ಚಲನೆ ಕಳೆದುಕೊಂಡವರಿಗೆ ಏನು ಬೇಕು ಎಂದು ಯಾರನ್ನೇ ಕೇಳಿ, ಮತ್ತೆ ನಡೆಯುವುದು ಎನ್ನುತ್ತಾರೆ. ಆದರೆ 2004ರಲ್ಲಿ, ತಾವೇ ಬೆನ್ನುಹುರಿ ಪೆಟ್ಟಿನೊಂದಿಗೆ ಬದುಕುತ್ತಿರುವ ವಿಜ್ಞಾನಿ ಕಿಮ್ ಆಂಡರ್ಸನ್ ಪ್ರಕಟಿಸಿದ ಸಮೀಕ್ಷೆಗೆ 681 ಮಂದಿ ಉತ್ತರಿಸಿದ್ದರು. ಕೈಕಾಲು ನಾಲ್ಕೂ ಆಡದವರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಕೈಯ ಬಳಕೆಯನ್ನು. ಕಾಲು ಮಾತ್ರ ಆಡದವರಲ್ಲಿ ಹೆಚ್ಚಿನವರು ಕೇಳಿದ್ದು ಲೈಂಗಿಕ ಸಾಮರ್ಥ್ಯವನ್ನು. ಮಲಮೂತ್ರದ ಹತೋಟಿ ಎರಡೂ ಗುಂಪುಗಳ ಪಟ್ಟಿಯಲ್ಲಿ ಮೇಲಿತ್ತು. ನಡಿಗೆ ಯಾರಿಗೂ ಬೇಡವಾಗಿರಲಿಲ್ಲ, ಆದರೆ ಮೊದಲ ಸ್ಥಾನದಲ್ಲಿರಲಿಲ್ಲ. ವೇದಿಕೆಯ ಮೇಲೆ ಪ್ರದರ್ಶಿಸಿ ಚಪ್ಪಾಳೆ ಗಿಟ್ಟಿಸಬಹುದಾದದ್ದು ನಡಿಗೆ. ಮೂತ್ರಕೋಶದ ಹತೋಟಿಯನ್ನು ಯಾರೂ ವೇದಿಕೆಯ ಮೇಲೆ ತೋರಿಸುವುದಿಲ್ಲ. ಸಂಶೋಧನೆಯ ಹಣ ಯಾವ ಕಡೆ ಹರಿಯುತ್ತದೆ ಎಂಬುದನ್ನು ಈ ವ್ಯತ್ಯಾಸವೂ ನಿರ್ಧರಿಸುತ್ತದೆ. ಸಿಯಾಟಲ್‌ನಲ್ಲಿ 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಶುರುವಾದ ನರತಂತ್ರಜ್ಞಾನ ಕೇಂದ್ರದಲ್ಲಿ ಗೋರಿಂಗ್ ಮತ್ತು ನರವೈದ್ಯ-ತತ್ವಜ್ಞ ಎರಾನ್ ಕ್ಲೈನ್ ಮಾಡಿದ ಕೆಲಸದ ಅರ್ಥ ಇಲ್ಲಿ ತಿಳಿಯುತ್ತದೆ. ಅವರ ತಂಡ ಎಂಜಿನಿಯರ್‌ಗಳ ನಡುವೆಯೇ ಕುಳಿತು, ಸಾಧನ ಇನ್ನೂ ವಿನ್ಯಾಸದ ಹಂತದಲ್ಲಿರುವಾಗಲೇ ಅದನ್ನು ಬಳಸುವವರ ಮಾತನ್ನು ಸಂದರ್ಶನಗಳ ಮೂಲಕ ಒಳತಂದಿತು.

‘ನಾನು’ ಎಂಬುದು ಬದಲಾದರೆ

ತತ್ವಜ್ಞರು ಅತಿ ಹೆಚ್ಚು ಬರೆದದ್ದು ಅಸ್ಮಿತೆಯ ಬಗ್ಗೆ. ನೆದರ್ಲೆಂಡ್ಸ್‌ನ ವೈದ್ಯರು 2004ರಲ್ಲಿ ವರದಿ ಮಾಡಿದ ಪ್ರಕರಣ ಈ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಪಾರ್ಕಿನ್ಸನ್ ಇದ್ದ ವ್ಯಕ್ತಿಯೊಬ್ಬರಿಗೆ ಡಿಬಿಎಸ್‌ನಿಂದ ದೇಹ ಹತೋಟಿಗೆ ಬಂತು, ಆದರೆ ಉನ್ಮಾದ ಕಾಣಿಸಿಕೊಂಡಿತು; ಸಾಲ ಮಾಡಿದರು, ಕಾನೂನಿನ ತೊಡಕಿಗೆ ಸಿಲುಕಿದರು. ಯಂತ್ರ ನಿಲ್ಲಿಸಿದರೆ ಮನಸ್ಸು ತಿಳಿಯಾಗುತ್ತಿತ್ತು, ದೇಹ ಹಾಸಿಗೆ ಹಿಡಿಯುತ್ತಿತ್ತು. ಯಂತ್ರ ನಿಂತಿದ್ದಾಗಿನ ತಿಳಿ ಮನಸ್ಸಿನಿಂದಲೇ ಅವರು ತೀರ್ಮಾನಿಸಿದರು: ಯಂತ್ರ ನಡೆಯಲಿ, ತಾನು ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಇರುವೆ. ಯಾವುದು ನಿಜವಾದ ಅವರು ಎಂದು ಕೇಳುವವರು, ಮನುಷ್ಯನೊಳಗೆ ಬದಲಾಗದ ತಿರುಳೊಂದಿದೆ ಎಂದು ಮೊದಲೇ ಊಹಿಸಿರುತ್ತಾರೆ.

ಕಥನಪಂಥದವರು ಹಾಗೆ ಊಹಿಸುವುದಿಲ್ಲ. ಮಾರ್ಯಾ ಶೆಕ್ಟ್‌ಮನ್ 1996ರಲ್ಲಿ ವಾದಿಸಿದಂತೆ, ವ್ಯಕ್ತಿ ತನ್ನ ಬದುಕನ್ನು ಒಂದು ಕಥೆಯಾಗಿ ಹೆಣೆಯುತ್ತಾ ತಾನಾಗುತ್ತಾನೆ. ಯಂತ್ರ ಆ ಹೆಣಿಗೆಯನ್ನು ಕಡಿದರೆ ಮಾತ್ರ ಅಪಾಯ. ಸಂಬಂಧಪಂಥ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಥೆಯನ್ನು ಯಾರೂ ಒಬ್ಬರೇ ಹೆಣೆಯುವುದಿಲ್ಲ. ನೆರೆಹೊರೆ, ಗೆಳೆಯರು, ಬಾಳಸಂಗಾತಿ ನಮ್ಮನ್ನು ಹಿಡಿದಿಟ್ಟು ನಾವಾಗಿಸುತ್ತಾರೆ ಎಂದು ಹಿಲ್ಡೆ ಲಿಂಡೆಮನ್, ಫ್ರಾನ್ಸ್ವಾಜ್ ಬೇಲಿಸ್ ಬರೆದರು. ಗೋರಿಂಗ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಮನೋರೋಗಕ್ಕೆ ಬಳಸುವ ಹೊಸಬಗೆಯ ಡಿಬಿಎಸ್‌ಗೆ ಅನ್ವಯಿಸಿದರು. ಈ ಸಾಧನಗಳು ಮಿದುಳಿನ ಸಂಕೇತಗಳನ್ನು ತಾವೇ ಗಮನಿಸಿ, ಬೇಕಾದಷ್ಟು ವಿದ್ಯುತ್ತನ್ನು ತಾವೇ ಹರಿಸುತ್ತವೆ. ಪಾರ್ಕಿನ್ಸನ್‌ಗೆ ಇಂಥದ್ದೊಂದಕ್ಕೆ ಎಫ್‌ಡಿಎ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಖಿನ್ನತೆಗೆ ಬಂದರೆ, ಅಂತ್ಯಸಂಸ್ಕಾರದಲ್ಲಿ ಉಕ್ಕುವ ದುಃಖವನ್ನೂ ಅದು ತಗ್ಗಿಸಬೇಕೇ? ಗೋರಿಂಗ್ ಅವರ ಉತ್ತರದ ಹಾದಿ ಹೀಗೆ: ಹೊರಗಿನ ನೆರವಿನಿಂದ ನಮ್ಮ ಭಾವನೆಗಳು ರೂಪುಗೊಳ್ಳುವುದು ಹೊಸತೇನಲ್ಲ. ಕೇಳಬೇಕಾದದ್ದು ಆ ನೆರವು ನಮ್ಮ ಕರ್ತೃತ್ವವನ್ನು ಪೋಷಿಸುತ್ತದೆಯೇ, ಇಲ್ಲ ನಮ್ಮ ಮೇಲೆ ಸವಾರಿ ಮಾಡುತ್ತದೆಯೇ ಎಂದು. 2021ರಲ್ಲಿ ಅವರ ತಂಡ ಕರ್ತೃತ್ವವನ್ನು ಹೊಣೆಗಾರಿಕೆ, ಖಾಸಗಿತನ, ನೈಜತೆ, ನಂಬಿಕೆ ಎಂಬ ನಾಲ್ಕು ಕಸುವುಗಳಾಗಿ ಬಿಡಿಸಿ ನಕ್ಷೆಯೊಂದನ್ನು ಕೊಟ್ಟಿತು.

ಅಂಗವೈಕಲ್ಯದ ಅನುಭವದಿಂದ ಬಂದವರಿಗೆ ಈ ನಿಲುವು ಸಹಜ. ಸಹಾಯಕರ ಕೈಯಿಂದ ಊಟಮಾಡುವವರು, ಅನುವಾದಕರ ಮೂಲಕ ಮಾತಾಡುವವರು ಅವಲಂಬನೆ ಮತ್ತು ಸ್ವಾತಂತ್ರ್ಯ ಒಟ್ಟಿಗೆ ಇರಬಲ್ಲವು ಎಂಬುದನ್ನು ದಿನವೂ ಬಾಳುತ್ತಾರೆ. ಆಸ್ಟ್ರೇಲಿಯಾದ ಪ್ರಕರಣವೊಂದು ಇದಕ್ಕೆ ಪುರಾವೆ. ಮೂರ್ಛೆರೋಗವಿದ್ದ ಮಹಿಳೆಯೊಬ್ಬರಿಗೆ, ಸೆಳವು ಬರುವ ಮುನ್ನವೇ ಎಚ್ಚರಿಸುವ ಸಾಧನವನ್ನು ನ್ಯೂರೋವಿಸ್ಟಾ ಕಂಪನಿಯ ಪ್ರಯೋಗದಲ್ಲಿ ಅಳವಡಿಸಲಾಯಿತು. ಯಂತ್ರದ ಜೊತೆಗೂಡಿ ತಾನು ಮೊದಲ ಬಾರಿ ಪೂರ್ಣ ವ್ಯಕ್ತಿಯಾದೆ ಎಂಬ ಭಾವ ಅವರದಾಗಿತ್ತು. ಕಂಪನಿಯ ಹಣ ಮುಗಿದು ಸಾಧನ ತೆಗೆಯಬೇಕಾಗಿ ಬಂದಾಗ ಅವರು ಅದನ್ನು ಕೊಂಡುಕೊಳ್ಳಲೂ ಯತ್ನಿಸಿದರು, ಆಗಲಿಲ್ಲ. ಫ್ರೆಡೆರಿಕ್ ಗಿಲ್ಬರ್ಟ್ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ, ಸಾಧನವನ್ನು ಕಿತ್ತದ್ದು ಮಾನವಹಕ್ಕಿನ ಪ್ರಶ್ನೆಯಾಗಬಲ್ಲದೇ ಎಂದು 2023ರಲ್ಲಿ ಕೇಳಿದರು. ಯಂತ್ರ ‘ನಾನು’ ಎಂಬುದನ್ನು ಕೆಡಿಸುತ್ತದೆ ಎಂಬ ಹಳೆಯ ಆತಂಕಕ್ಕೆ ಇದು ನೇರ ಎದುರು ಸಾಕ್ಷಿ.

ಇದೇ ಗಿಲ್ಬರ್ಟ್, ಇಬ್ಬರು ಸಂಗಡಿಗರೊಡನೆ 2018ರಲ್ಲಿ ಇಡೀ ಸಾಹಿತ್ಯವನ್ನು ಜಾಲಾಡಿ ತತ್ವಜ್ಞರನ್ನು ಎಚ್ಚರಿಸಿದ್ದರು: ಡಿಬಿಎಸ್ ವ್ಯಕ್ತಿತ್ವವನ್ನು ಬದಲಿಸುತ್ತದೆ ಎಂಬ ವಾದಗಳ ರಾಶಿಗೆ ಹೋಲಿಸಿದರೆ ನೇರ ಅಧ್ಯಯನಗಳು ಅತಿ ಕಡಿಮೆ. ಈ ವಿಮರ್ಶೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಂಬಂಧಪಂಥದಲ್ಲೂ ಒಂದು ಬಿರುಕಿದೆ. ಸಂಬಂಧಗಳು ನಮ್ಮನ್ನು ರೂಪಿಸುತ್ತವೆ ಎಂದ ಮೇಲೆ, ಕೆಟ್ಟ ಸಂಬಂಧವನ್ನು ಗುರುತಿಸುವ ಅಳತೆ ಎಲ್ಲಿಂದ ತರಬೇಕು? ಡಿಬಿಎಸ್‌ನ ನಂತರ ಗಂಡ ಬದಲಾಗಿದ್ದಾನೆ ಎಂದು ಹೆಂಡತಿ, ನಾನೀಗಲೇ ನಾನು ಎಂದು ಗಂಡ ಹೇಳಿದರೆ ಯಾರ ಮಾತು ನಡೆಯಬೇಕು? ಕುಟುಂಬವೇ ಎಲ್ಲ ತೀರ್ಮಾನ ಮಾಡುವ ನಮ್ಮಂಥ ಸಮಾಜದಲ್ಲಿ ಇದು ಪುಸ್ತಕದ ತೊಡಕಲ್ಲ. ಸಂಬಂಧದ ಹೆಸರಿನಲ್ಲಿ ಅಂಗವಿಕಲ ಮಗನ ಅಥವಾ ಮಗಳ ಬಾಯಿ ಮುಚ್ಚಿಸುವುದು ಇಲ್ಲಿ ಸುಲಭ. ಕೊನೆಯ ಮಾತು ಸಾಧನ ಹೊತ್ತವರದೇ ಎಂಬ ನಿಯಮವನ್ನು ಸಂಬಂಧಪಂಥದ ಜೊತೆಗೆ ಕಟ್ಟಿಡಬೇಕು ಎಂಬುದು ನನ್ನ ಅಭಿಪ್ರಾಯ.

ನರಹಕ್ಕುಗಳು: ಸ್ಯಾಂಟಿಯಾಗೊಗೆ ಮುನ್ನ ದೆಹಲಿ

ಮುಂದಿನ ಪಂಥ ಕಾನೂನಿನದು. ಮಾರ್ಚೆಲ್ಲೊ ಇಯೆಂಕಾ ಮತ್ತು ರೊಬೆರ್ಟೊ ಆಂದೊರ್ನೊ 2017ರಲ್ಲಿ ಚಿತ್ತಸ್ವಾತಂತ್ರ್ಯ, ಮಾನಸಿಕ ಖಾಸಗಿತನ, ಮಾನಸಿಕ ಅಖಂಡತೆ, ಮಾನಸಿಕ ನಿರಂತರತೆ ಎಂಬ ಹೊಸ ‘ನರಹಕ್ಕು’ಗಳನ್ನು ಮುಂದಿಟ್ಟರು. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅದರ ಸರ್ವೋಚ್ಚ ನ್ಯಾಯಾಲಯ, ಮಿದುಳಿನ ಸಂಕೇತ ಹಿಡಿಯುವ ತಲೆಪಟ್ಟಿಯ ಕಂಪನಿಯೊಂದರ ವಿರುದ್ಧ ತೀರ್ಪು ಕೊಟ್ಟಿತು. 2024ರಲ್ಲಿ ಅಮೆರಿಕದ ಕೊಲರಾಡೊ, ಕ್ಯಾಲಿಫೋರ್ನಿಯಾ ರಾಜ್ಯಗಳು ಕಾನೂನು ಮಾಡಿದವು. 2025ರ ನವೆಂಬರಿನಲ್ಲಿ ಯುನೆಸ್ಕೊ ನರತಂತ್ರಜ್ಞಾನದ ನೀತಿಯ ಕುರಿತು ಜಾಗತಿಕ ಶಿಫಾರಸನ್ನು ಅಂಗೀಕರಿಸಿತು.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ತೀರ್ಪೊಂದು ನಮ್ಮ ನೆಲದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸಿ.ಆರ್. ಮುಕುಂದನ್ ರೂಪಿಸಿದ, ಮಿದುಳಿನ ವಿದ್ಯುತ್ ಅಲೆಗಳಿಂದ ಅಪರಾಧದ ನೆನಪನ್ನು ಪತ್ತೆಹಚ್ಚುವುದಾಗಿ ಹೇಳುವ ಪರೀಕ್ಷೆಯನ್ನು ಪೊಲೀಸರು ಬಳಸತೊಡಗಿದ್ದರು. ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಮಿದುಳಿನ ಪರೀಕ್ಷೆ ಸಂವಿಧಾನದ 20(3)ನೇ ವಿಧಿಗೂ ವ್ಯಕ್ತಿಸ್ವಾತಂತ್ರ್ಯಕ್ಕೂ ವಿರುದ್ಧ ಎಂದಿತು. ಮನಸ್ಸಿನೊಳಗಿನದು ಅವರವರದು ಎಂಬ ತತ್ವವನ್ನು ಭಾರತದ ನ್ಯಾಯಾಲಯ ಚಿಲಿಗಿಂತ ಹನ್ನೊಂದು ವರ್ಷ ಮೊದಲು ಹೇಳಿತ್ತು.

ಹೊಸ ಹಕ್ಕುಗಳ ಬಗ್ಗೆ ಆಕ್ಷೇಪಗಳಿವೆ. ಜರ್ಮನಿಯ ಕಾನೂನುತಜ್ಞ ಕ್ರಿಸ್ಟೋಫ್ ಬುಬ್ಲಿಟ್ಜ್, ಈಗಿರುವ ಮಾನವಹಕ್ಕುಗಳಲ್ಲೇ ಇವಕ್ಕೆ ಜಾಗವಿದೆ, ಹೊಸ ಹೆಸರುಗಳಿಂದ ಗೊಂದಲವೇ ಹೆಚ್ಚು ಎನ್ನುತ್ತಾರೆ. ಸೆಲ್ವಿ ತೀರ್ಪು ಅವರ ವಾದಕ್ಕೆ ಬಲ ಕೊಡುತ್ತದೆ, ಏಕೆಂದರೆ ಅಲ್ಲಿ ಹೊಸ ಹಕ್ಕಿನ ಅಗತ್ಯ ಬೀಳಲಿಲ್ಲ. ನನ್ನ ಆಕ್ಷೇಪ ಬೇರೆ ಕಡೆಯಿಂದ. ನರಹಕ್ಕುಗಳು ಬಹುಮಟ್ಟಿಗೆ ‘ಮುಟ್ಟಬೇಡ’ ಎನ್ನುವ ಹಕ್ಕುಗಳು. ಮಿದುಳಿನಲ್ಲಿ ಈಗಾಗಲೇ ಸಾಧನ ಇರುವವರಿಗೆ ಬೇಕಾದದ್ದು ಅದರ ಜೊತೆಗೆ ‘ಬಿಟ್ಟುಹೋಗಬೇಡ’ ಎನ್ನುವ ಹಕ್ಕು.

ಕಂಪನಿ ಮುಚ್ಚಿದ ಮೇಲೆ

ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿಯ ‘ಆರ್ಗಸ್ 2’ ಅಂಧರ ಅಕ್ಷಿಪಟಲದ ಮೇಲೆ 60 ಎಲೆಕ್ಟ್ರೋಡುಗಳನ್ನಿಟ್ಟು ಒರಟಾದ ಬೆಳಕಿನ ಆಕಾರಗಳನ್ನು ತೋರಿಸುತ್ತಿತ್ತು. 2013ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದ ಅದನ್ನು ಕಂಪನಿ 2019ರಲ್ಲಿ ನಿಲ್ಲಿಸಿತು, ಮರುವರ್ಷ ದಿವಾಳಿಯ ಅಂಚಿಗೆ ಬಂತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಮಂದಿ ದುರಸ್ತಿ ಮಾಡುವವರಿಲ್ಲದ ಯಂತ್ರವನ್ನು ಕಣ್ಣಲ್ಲಿ ಹೊತ್ತು ಉಳಿದದ್ದನ್ನು 2022ರಲ್ಲಿ ‘ಐಇಇಇ ಸ್ಪೆಕ್ಟ್ರಮ್’ ಬಯಲಿಗೆ ತಂದಿತು. ಒಹಾಯೊದ ಇಯಾನ್ ಬರ್ಕ್‌ಹಾರ್ಟ್ 2014ರಲ್ಲಿ ಮಿದುಳಿಗೆ ಅಳವಡಿಸಿದ ಚಿಪ್‌ನ ನೆರವಿನಿಂದ ತಮ್ಮದೇ ಕೈಯನ್ನು ಆಡಿಸಿದರು. 2021ರಲ್ಲಿ ಅದನ್ನು ತೆಗೆಯಬೇಕಾಯಿತು. ಇಂಥ ಪ್ರಯೋಗಗಳಿಗೆ ಮಿದುಳು ಒಡ್ಡಿದವರನ್ನು ಒಟ್ಟುಗೂಡಿಸಿ ಅವರು ಸಂಘವೊಂದನ್ನು ಕಟ್ಟಿದ್ದಾರೆ. ಉದಾಹರಣೆಗಳಾಗಿದ್ದವರು ಸಲಹೆಗಾರರಾಗುವ ಈ ಬೆಳವಣಿಗೆ, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ಕಳೆದ ದಶಕದ ಅತ್ಯಂತ ಆಶಾದಾಯಕ ಸಂಗತಿ.

ಸಂಶೋಧಕರ ಆಕ್ಷೇಪವನ್ನೂ ಕೇಳಬೇಕು. ಪ್ರಯೋಗ ಮುಗಿದ ಮೇಲೂ ಬದುಕಿಡೀ ಹೊಣೆ ಹೊರಬೇಕೆಂದರೆ ಸಣ್ಣ ಕಂಪನಿಗಳು ಕೆಲಸಕ್ಕೇ ಇಳಿಯವು. ಆಗ ನಷ್ಟ ಅಂಗವಿಕಲರಿಗೇ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೊಣೆಯನ್ನು ಯಾರೂ ಹೊರದಿದ್ದರೆ ಅದು ಮಾಯವಾಗುವುದಿಲ್ಲ, ತಲೆಬುರುಡೆಯೊಳಗೆ ಲೋಹ ಇಟ್ಟುಕೊಂಡವರ ಮೇಲೆ ಬೀಳುತ್ತದೆ. ಪ್ರಯೋಗಕ್ಕೆ ಒಪ್ಪಿಗೆ ಸಿಗುವ ಮುನ್ನವೇ ವಿಮೆ, ಠೇವಣಿ, ಬೇರೆಯವರು ದುರಸ್ತಿ ಮಾಡಬಲ್ಲಂತೆ ವಿನ್ಯಾಸದ ವಿವರಗಳ ಜಮೆ ಇವುಗಳನ್ನು ಕಡ್ಡಾಯ ಮಾಡಬಹುದು.

ಇನ್ನೂ ಇತ್ಯರ್ಥವಾಗದ್ದು

ಗೋರಿಂಗ್ ಅವರ ಚೌಕಟ್ಟು ಬಹಳಷ್ಟನ್ನು ವಿವರಿಸುತ್ತದೆ, ಎಲ್ಲವನ್ನಲ್ಲ. ಯಂತ್ರದ ಕೈ ಲೋಟ ಒಡೆದಾಗ ಹೊಣೆ ಹಂಚಿಕೆಯಾಗುತ್ತದೆ ಎನ್ನಬಹುದು. ನ್ಯಾಯಾಲಯದಲ್ಲಿ ಎಷ್ಟೆಷ್ಟು ಪಾಲು ಎಂಬುದಕ್ಕೆ ಉತ್ತರವಿಲ್ಲ. ಮಾತೇ ಇಲ್ಲದವರು, ಬುದ್ಧಿಬೆಳವಣಿಗೆಯ ತೊಡಕು ಇರುವವರು, ಎರಡು ವರ್ಷದ ಮಗು ಇವರ ಪರವಾಗಿ ಯಾರು, ಯಾವ ಅಳತೆಯಿಂದ ಒಪ್ಪಿಗೆ ಕೊಡಬೇಕು ಎಂಬುದೂ ತೀರ್ಮಾನವಾಗಿಲ್ಲ. ಬಳಸುವವರನ್ನೇ ಕೇಳಿ ಎಂಬ ಸೂತ್ರ ಮುಗಿದುಹೋಗುವುದು ಅಲ್ಲೇ. ಚಿಕಿತ್ಸೆಗೆಂದು ಬಂದದ್ದು ಉದ್ಯೋಗದ ಅರ್ಹತೆಯಾಗಿ ಮಾರ್ಪಟ್ಟರೆ, ಅಳವಡಿಸಿಕೊಳ್ಳಲು ಒಪ್ಪದ ಅಂಗವಿಕಲರ ಸೌಲಭ್ಯಗಳು ಕಡಿತವಾಗದಂತೆ ಕಾಯುವುದು ಹೇಗೆ ಎಂಬುದನ್ನು ಯಾವ ದೇಶದ ಕಾನೂನೂ ಸ್ಪಷ್ಟವಾಗಿ ಬಗೆಹರಿಸಿಲ್ಲ. ಅಧ್ಯಯನಗಳೂ ಬಹುತೇಕ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳವು; ಅಲ್ಲಿ ಸ್ವತಂತ್ರವಾಗಿ ಬದುಕುವ ಅಂಗವಿಕಲರ ಮಾತು ಕೂಡು ಕುಟುಂಬದಲ್ಲಿ ಬದುಕುವವರಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿಯೇ ಕೇಳಿ ತಿಳಿಯಬೇಕು.

ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಪ್ರಯೋಗ ಮುಗಿದ ಮೇಲೂ ಔಷಧ ಪಡೆಯುವ ಅವಕಾಶವನ್ನು ಗುರುತಿಸಿವೆ. ಅವು ಗುಳಿಗೆಯನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮಗಳು. ಬೆಂಗಳೂರಿನಲ್ಲಿ ಡಿಬಿಎಸ್ ಶಸ್ತ್ರಚಿಕಿತ್ಸೆ ನಡೆಯುತ್ತಿದೆ, ಮೈಸೂರಿನಲ್ಲಿ ಇಂಪ್ಲಾಂಟ್ ಪಡೆದ ಮಕ್ಕಳು ಮಾತು ಕಲಿಯುತ್ತಿದ್ದಾರೆ. ದೇಹದೊಳಗೆ ಉಳಿಯುವ ಯಂತ್ರದ ಬ್ಯಾಟರಿ, ದುರಸ್ತಿ, ತೆಗೆಯುವಿಕೆಗೆ ಯಾರು ಹೊಣೆ ಎಂದು ಹೇಳುವ ನಿಯಮವನ್ನು ಬರೆಯುವ ಸಮಿತಿ ಯಾವಾಗಲಾದರೂ ಕೂರಬೇಕಾಗುತ್ತದೆ. ಆ ಸಮಿತಿಯಲ್ಲಿ ಅಂಥ ಯಂತ್ರವನ್ನು ಹೊತ್ತವರಿಗೆ ಮತದಾನದ ಹಕ್ಕುಳ್ಳ ಕುರ್ಚಿ ಇರಬೇಕು ಎಂದು ಅಂಗವಿಕಲರ ಸಂಘಟನೆಗಳೂ, ವೈದ್ಯರೂ, ಪಾಲಕರೂ ಈಗಿನಿಂದಲೇ ಒತ್ತಾಯಿಸಬೇಕು.